ಹಳೆಯ ಅಂಕಪಟ್ಟಿ, ಹೊಸ ಪ್ರವೇಶ: ಕೊಯಮತ್ತೂರು–ತಿರುಪ್ಪೂರು ಜಿಲ್ಲೆಗಳ ವಯಸ್ಕ ಕನ್ನಡಿಗರಿಗೆ ವಿಶ್ವವಿದ್ಯಾಲಯದ ದಾರಿಗಳು

ಕೊಯಮತ್ತೂರು ಮತ್ತು ತಿರುಪ್ಪೂರು ಜಿಲ್ಲೆಗಳಲ್ಲಿ ನೆಲೆಸಿರುವ ಕನ್ನಡ ಮನೆಮಾತಿನ ಕುಟುಂಬಗಳಲ್ಲಿ ಅರ್ಧಕ್ಕೆ ನಿಂತ ಓದು ಅಪರೂಪದ ಸಂಗತಿಯಲ್ಲ. ಮಗ್ಗದ ಮನೆಯಲ್ಲಿ ಹುಟ್ಟಿದವರು ಹತ್ತನೆಯ ತರಗತಿ ಮುಗಿಸಿ ನೇಯ್ಗೆಗೆ ಕುಳಿತರು. ತಾಳವಾಡಿ, ಹೊಸೂರು ಕಡೆಯ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಕಲಿತವರು ತಿರುಪ್ಪೂರಿನ ಬನಿಯನ್ ಕಂಪನಿಗಳಿಗೆ ದುಡಿಯಲು ಬಂದರು. ಕಾಲೇಜು ಸೇರಿದವರಲ್ಲಿಯೂ ಕೆಲವರು ಇಂಗ್ಲಿಷಿನ ಪತ್ರಿಕೆಯಲ್ಲಿ ಎಡವಿ, ಐದಾರು ಅರಿಯರ್‌ಗಳೊಡನೆ ಊರಿಗೆ ಮರಳಿದರು. ಇಂದು ಅವರಿಗೆ ಮೂವತ್ತು, ನಲವತ್ತು ವರ್ಷ. ಮಕ್ಕಳು ಶಾಲೆಗೆ ಹೋಗುತ್ತಿದ್ದಾರೆ. ಮತ್ತೆ ಓದಬೇಕೆಂಬ ಆಸೆ ಇದೆ, ಆದರೆ ಪೆಟ್ಟಿಗೆಯ ತಳದಲ್ಲಿರುವ ಹಳೆಯ ಅಂಕಪಟ್ಟಿ ಆ ಆಸೆಯನ್ನು ತಡೆದು ನಿಲ್ಲಿಸಿದೆ.

ಹಳೆಯ ಅಂಕಗಳು ಎಲ್ಲಿ ಅಡ್ಡಿಯಾಗುತ್ತವೆ, ಎಲ್ಲಿ ಆಗುವುದಿಲ್ಲ ಎಂಬುದನ್ನು ನಿಯಮಗಳ ಆಧಾರದಲ್ಲಿ ವಿವರಿಸುವುದು ಈ ಲೇಖನದ ಉದ್ದೇಶ. ಇಲ್ಲಿ ಹೇಳಿರುವ ದಾರಿಗಳಲ್ಲಿ ಕೆಲವು ಅಗ್ಗ, ಕೆಲವು ನಿಧಾನ, ಒಂದೆರಡು ಅಪಾಯಕಾರಿ. ಯಾವುದನ್ನು ಹಿಡಿದರೆ ಯಾವ ಊರು ತಲುಪುತ್ತೇವೆ ಎಂಬುದನ್ನು ಹೊರಡುವ ಮುನ್ನವೇ ತಿಳಿದಿರಬೇಕು.

ವರ್ಗಾವಣೆ, ಮರುಪ್ರವೇಶ, ಹೊಸ ಪ್ರವೇಶ

ಜನರ ಮಾತಿನಲ್ಲಿ ‘ಇನ್ನೊಂದು ಯೂನಿವರ್ಸಿಟಿಗೆ ಬದಲಾಯಿಸಿಕೊಳ್ಳುವುದು’ ಎಂಬ ಒಂದೇ ಪದದಲ್ಲಿ ಮೂರು ಬೇರೆ ಬೇರೆ ಕಾರ್ಯಗಳು ಸೇರಿಕೊಂಡಿವೆ. ಅವುಗಳನ್ನು ಬಿಡಿಸಿ ನೋಡದೆ ಹೋದರೆ ಹಣವೂ ಕಾಲವೂ ವ್ಯರ್ಥ.

ಮೊದಲನೆಯದು ವರ್ಗಾವಣೆ. ಒಂದು ಕಾಲೇಜಿನಲ್ಲಿ ಮೊದಲ ವರ್ಷ ಮುಗಿಸಿ, ಎರಡನೆಯ ವರ್ಷಕ್ಕೆ ಇನ್ನೊಂದು ಕಾಲೇಜನ್ನು ಸೇರುವುದು. ಕೊಯಮತ್ತೂರು, ತಿರುಪ್ಪೂರು, ಈರೋಡು, ನೀಲಗಿರಿ ಜಿಲ್ಲೆಗಳ ಕಲಾ–ವಿಜ್ಞಾನ ಕಾಲೇಜುಗಳು 1982ರಲ್ಲಿ ಸ್ಥಾಪನೆಯಾದ ಭಾರತಿಯಾರ್ ವಿಶ್ವವಿದ್ಯಾಲಯದ ವ್ಯಾಪ್ತಿಗೆ ಬರುತ್ತವೆ. ಹಾಗೆಂದು ಎಲ್ಲ ಕಾಲೇಜುಗಳ ಪಠ್ಯಕ್ರಮ ಒಂದೇ ಅಲ್ಲ. ಸ್ವಾಯತ್ತ ಕಾಲೇಜುಗಳು ತಮ್ಮದೇ ಪಠ್ಯ, ತಮ್ಮದೇ ಪರೀಕ್ಷೆ ನಡೆಸುತ್ತವೆ. ಆದ್ದರಿಂದ ಸ್ವಾಯತ್ತ ಕಾಲೇಜಿನಿಂದ ಸಾಮಾನ್ಯ ಕಾಲೇಜಿಗೆ ಬರುವವರು ಮುಗಿಸಿದ ವಿಷಯಗಳು ಹೊಸ ಪಠ್ಯಕ್ಕೆ ಸಮನೆಂದು ವಿಶ್ವವಿದ್ಯಾಲಯ ಒಪ್ಪಬೇಕು. ಹಳೆಯ ಅರಿಯರ್‌ಗಳು ಇಲ್ಲಿ ಜೊತೆಯಲ್ಲಿಯೇ ಬರುತ್ತವೆ. ಹತ್ತು ವರ್ಷದ ಹಿಂದೆ ಓದು ಬಿಟ್ಟವರಿಗೆ ಈ ದಾರಿ ಬಹುತೇಕ ಮುಚ್ಚಿದೆ ಎಂದೇ ತಿಳಿಯಬೇಕು.

ಎರಡನೆಯದು ಮರುಪ್ರವೇಶ ಅಥವಾ ಅರಿಯರ್ ಪೂರೈಕೆ. ಪದವಿಯನ್ನು ಮುಗಿಸಲು ಗರಿಷ್ಠ ಕಾಲಾವಧಿ ಎಂಬುದೊಂದಿದೆ. ನಿಗದಿತ ಅವಧಿಗಿಂತ ಎರಡು ವರ್ಷ ಹೆಚ್ಚು, ವಿಶೇಷ ಸಂದರ್ಭದಲ್ಲಿ ಮತ್ತೊಂದು ವರ್ಷ ಎಂದು ಯು.ಜಿ.ಸಿ. 2015ರಲ್ಲಿ ಮಾರ್ಗಸೂಚಿ ನೀಡಿತು. ಈ ಅವಧಿ ಮೀರಿದವರಿಗೂ ತಮಿಳುನಾಡಿನ ವಿಶ್ವವಿದ್ಯಾಲಯಗಳು ಆಗಾಗ ವಿಶೇಷ ಅರಿಯರ್ ಪರೀಕ್ಷೆಯ ಅವಕಾಶ ಕೊಟ್ಟಿರುವುದುಂಟು. ಒಂದೆರಡು ಪತ್ರಿಕೆ ಮಾತ್ರ ಉಳಿದಿದ್ದರೆ, ಹೊಸದಾಗಿ ಮೂರು ವರ್ಷ ಓದುವ ಮುನ್ನ ಹಳೆಯ ವಿಶ್ವವಿದ್ಯಾಲಯದ ಪರೀಕ್ಷಾ ನಿಯಂತ್ರಕರ ಕಚೇರಿಯಲ್ಲಿ ನೋಂದಣಿ ಸಂಖ್ಯೆಯೊಡನೆ ಲಿಖಿತವಾಗಿ ವಿಚಾರಿಸುವುದು ಉತ್ತಮ.

ಮೂರನೆಯದು ಹೊಸ ಪ್ರವೇಶ. ವಯಸ್ಕರಲ್ಲಿ ಹೆಚ್ಚಿನವರಿಗೆ ಹೊಂದುವುದು ಇದೇ. ಹೊಸ ಪ್ರವೇಶದಲ್ಲಿ ಪದವಿಗೆ ಆಧಾರವಾಗುವುದು ಪ್ಲಸ್ ಟು ತೇರ್ಗಡೆ. ಹಿಂದಿನ ಕಾಲೇಜಿನಲ್ಲಿ ಎಷ್ಟು ಪತ್ರಿಕೆಗಳಲ್ಲಿ ಅನುತ್ತೀರ್ಣರಾಗಿದ್ದಿರಿ ಎಂಬುದು ಹೊಸ ಅಂಕಪಟ್ಟಿಗೆ ಸೇರುವುದಿಲ್ಲ. ಸೋಲಿನ ಲೆಕ್ಕ ಅಲ್ಲಿಗೆ ಮುಗಿಯುತ್ತದೆ, ಅದರ ಜೊತೆಗೆ ಗೆದ್ದ ಪತ್ರಿಕೆಗಳ ಲೆಕ್ಕವೂ ಮುಗಿಯುತ್ತದೆ. ಇದೊಂದು ವಿನಿಮಯ. ಹತ್ತಾರು ಅರಿಯರ್ ಇರುವವರಿಗೆ ಇದು ಲಾಭ, ಎರಡೇ ಅರಿಯರ್ ಇರುವವರಿಗೆ ನಷ್ಟ.

ಕ್ರೆಡಿಟ್ ಬ್ಯಾಂಕ್ ಯಾರಿಗೆ?

2021ರ ಜುಲೈ ತಿಂಗಳಲ್ಲಿ ಯು.ಜಿ.ಸಿ. ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ನಿಯಮಾವಳಿಯನ್ನು ಹೊರಡಿಸಿತು. ವಿದ್ಯಾರ್ಥಿ ಗಳಿಸಿದ ಕ್ರೆಡಿಟ್‌ಗಳು ಉಳಿತಾಯ ಖಾತೆಯಲ್ಲಿನ ಹಣದಂತೆ ಜಮೆಯಾಗಿ, ಮತ್ತೊಂದು ಸಂಸ್ಥೆಯಲ್ಲಿ ಬಳಕೆಯಾಗಬಹುದು ಎಂಬುದು ಅದರ ಆಶಯ. ಜಮೆಯಾದ ಕ್ರೆಡಿಟ್‌ಗೆ ಗರಿಷ್ಠ ಏಳು ವರ್ಷಗಳ ಆಯುಷ್ಯ. ಪದವಿ ನೀಡುವ ಸಂಸ್ಥೆಯಲ್ಲಿಯೇ ಕನಿಷ್ಠ ಅರ್ಧದಷ್ಟು ಕ್ರೆಡಿಟ್‌ಗಳನ್ನು ಗಳಿಸಿರಬೇಕು.

ಈ ವ್ಯವಸ್ಥೆಯ ಬಗ್ಗೆ ಜಾಹೀರಾತುಗಳು ಹೇಳುವಷ್ಟು ಭರವಸೆ ಇಟ್ಟುಕೊಳ್ಳಬಾರದು. ಕ್ರೆಡಿಟ್ ಜಮೆ ಮಾಡುವುದು ವಿದ್ಯಾರ್ಥಿಯಲ್ಲ, ಸಂಸ್ಥೆ. 2005ರಲ್ಲಿಯೋ 2010ರಲ್ಲಿಯೋ ಬರೆದ ಪರೀಕ್ಷೆಯ ಅಂಕಗಳು ಆ ಖಾತೆಗೆ ತಾವಾಗಿಯೇ ಬಂದು ಸೇರುವುದಿಲ್ಲ. ಆದ್ದರಿಂದ ಇತ್ತೀಚೆಗೆ ಓದು ಬಿಟ್ಟ ಯುವಕರಿಗೆ ಇದು ಉಪಯುಕ್ತ, ನಲವತ್ತರ ತಾಯಂದಿರಿಗೆ ಇದರಿಂದ ಹೆಚ್ಚಿನ ಪ್ರಯೋಜನವಿಲ್ಲ.

ಮುಕ್ತ ಮತ್ತು ದೂರಶಿಕ್ಷಣ: ಮೂರು ಬಾಗಿಲುಗಳು

ದುಡಿಯುತ್ತ ಓದುವವರಿಗೆ ನಮ್ಮ ಪ್ರದೇಶದಲ್ಲಿ ಹತ್ತಿರವಿರುವ ಬಾಗಿಲುಗಳು ಮೂರು.

1985ರಲ್ಲಿ ಸ್ಥಾಪನೆಯಾದ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ, ಅಂದರೆ ಇಗ್ನೋ, ಕೇಂದ್ರ ಸಂಸ್ಥೆ. ಗರಿಷ್ಠ ವಯೋಮಿತಿ ಇಲ್ಲ. ಸಾಮಾನ್ಯ ಬಿ.ಎ. ಪದವಿಗೆ ಪ್ಲಸ್ ಟು ತೇರ್ಗಡೆ ಸಾಕು, ಇಷ್ಟೇ ಶೇಕಡಾ ಬೇಕೆಂಬ ಷರತ್ತಿಲ್ಲ. ಮೂರು ವರ್ಷದ ಪದವಿಯನ್ನು ಆರು ವರ್ಷದವರೆಗೂ ಮುಗಿಸಬಹುದು. ವರ್ಷಕ್ಕೆ ಎರಡು ಬಾರಿ, ಜೂನ್ ಮತ್ತು ಡಿಸೆಂಬರ್ ತಿಂಗಳಲ್ಲಿ ಪರೀಕ್ಷೆ. ಒಂದು ಕ್ರೆಡಿಟ್ ಎಂದರೆ ಮೂವತ್ತು ಗಂಟೆಗಳ ಅಧ್ಯಯನ ಎಂದು ಆ ಸಂಸ್ಥೆ ಲೆಕ್ಕ ಹಾಕುತ್ತದೆ. ಆರು ಕ್ರೆಡಿಟ್‌ನ ಒಂದು ಪತ್ರಿಕೆಗೆ 180 ಗಂಟೆ. ದಿನಕ್ಕೆ ಒಂದೂವರೆ ಗಂಟೆ ಓದಿದರೆ 120 ದಿನ. ಎರಡು ಪಾಳಿ ದುಡಿಯುವವರು ಒಮ್ಮೆಗೆ ಎಷ್ಟು ಪತ್ರಿಕೆಗಳ ಪರೀಕ್ಷೆ ಬರೆಯಬೇಕು ಎಂಬುದನ್ನು ಈ ಲೆಕ್ಕದಿಂದಲೇ ನಿರ್ಧರಿಸಬೇಕು.

2002ರ ಕಾಯ್ದೆಯ ಮೂಲಕ ಸ್ಥಾಪನೆಯಾದ ತಮಿಳುನಾಡು ಮುಕ್ತ ವಿಶ್ವವಿದ್ಯಾಲಯ ಎರಡನೆಯದು. ತಮಿಳನ್ನು ಸರಾಗವಾಗಿ ಓದಿ ಬರೆಯಬಲ್ಲ ನಮ್ಮವರಿಗೆ ಇದು ಅನುಕೂಲ.

ಮೂರನೆಯದು ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ. 1969ರಲ್ಲಿ ಮೈಸೂರು ವಿಶ್ವವಿದ್ಯಾಲಯದ ಅಂಚೆ ಶಿಕ್ಷಣ ವಿಭಾಗವಾಗಿ ಆರಂಭವಾಗಿ, 1996ರಲ್ಲಿ ಪ್ರತ್ಯೇಕ ವಿಶ್ವವಿದ್ಯಾಲಯವಾಯಿತು. ಕನ್ನಡದಲ್ಲಿಯೇ ಬಿ.ಎ. ಬರೆಯಲು, ಕನ್ನಡ ಎಂ.ಎ. ಮಾಡಲು ಅವಕಾಶ ಇಲ್ಲಿದೆ. ಆದರೆ ರಾಜ್ಯ ವಿಶ್ವವಿದ್ಯಾಲಯಗಳ ದೂರಶಿಕ್ಷಣಕ್ಕೆ ಗಡಿಯುಂಟು. ಅದರ ಅಧ್ಯಯನ ಕೇಂದ್ರ ಮತ್ತು ಪರೀಕ್ಷಾ ಕೇಂದ್ರಗಳು ಆ ರಾಜ್ಯದೊಳಗೇ ಇರಬೇಕು. ಕೊಯಮತ್ತೂರಿನಲ್ಲಿಯೇ ಮೈಸೂರಿನ ಪರೀಕ್ಷೆ ಬರೆಸುತ್ತೇವೆ ಎಂದು ಯಾರಾದರೂ ಹೇಳಿದರೆ ಆ ಮಾತನ್ನು ನಂಬಬೇಡಿ. ಇದೇ ವಿಶ್ವವಿದ್ಯಾಲಯಕ್ಕೆ 2013–14ರಿಂದ ಐದು ಶೈಕ್ಷಣಿಕ ವರ್ಷಗಳ ಕಾಲ ಯು.ಜಿ.ಸಿ. ಮಾನ್ಯತೆ ಇರಲಿಲ್ಲ, 2018ರಲ್ಲಿ ಮತ್ತೆ ದೊರೆಯಿತು. ರಾಜ್ಯದ ಹೊರಗೆ ಕೇಂದ್ರಗಳನ್ನು ತೆರೆದದ್ದು ಆ ತೊಡಕಿನ ಕಾರಣಗಳಲ್ಲಿ ಒಂದು. ಪ್ರತಿಷ್ಠಿತ ಸಂಸ್ಥೆಗೂ ಹೀಗಾಗಬಹುದೆಂದ ಮೇಲೆ, ಸೇರುವ ವರ್ಷದ ಮಾನ್ಯತೆಯನ್ನು ಪರಿಶೀಲಿಸುವುದು ಪ್ರತಿಯೊಬ್ಬರ ಕರ್ತವ್ಯ.

ಪರಿಶೀಲಿಸುವ ಕ್ರಮ ಸರಳವಾಗಿದೆ. ಯು.ಜಿ.ಸಿ.ಯ ದೂರಶಿಕ್ಷಣ ವಿಭಾಗದ ಜಾಲತಾಣದಲ್ಲಿ ಯಾವ ಸಂಸ್ಥೆಗೆ, ಯಾವ ಕೋರ್ಸಿಗೆ, ಯಾವ ಅವಧಿಗೆ ಅನುಮತಿ ಇದೆ ಎಂಬ ಪಟ್ಟಿ ಇರುತ್ತದೆ. ಸಂಸ್ಥೆಯ ಹೆಸರು ಇದ್ದರೆ ಸಾಲದು, ನೀವು ಸೇರುವ ಕೋರ್ಸಿನ ಹೆಸರೂ ಅಲ್ಲಿರಬೇಕು. 2024ರಿಂದ ದೂರಶಿಕ್ಷಣಕ್ಕೆ ಸೇರುವವರು ಡಿ.ಇ.ಬಿ. ಗುರುತಿನ ಸಂಖ್ಯೆಯನ್ನು ತಾವೇ ಪಡೆಯಬೇಕು. ಎಂಜಿನಿಯರಿಂಗ್, ವೈದ್ಯಕೀಯ, ನರ್ಸಿಂಗ್, ಫಾರ್ಮಸಿ, ಕಾನೂನು ಮುಂತಾದ ಪದವಿಗಳನ್ನು ದೂರಶಿಕ್ಷಣದಲ್ಲಿ ನೀಡಲು ಅನುಮತಿಯೇ ಇಲ್ಲ. ‘ಒಂದೇ ವರ್ಷದಲ್ಲಿ ಡಿಗ್ರಿ’ ಎಂಬ ಫಲಕಗಳ ಹಿಂದೆ ಕಾನೂನುಬದ್ಧವಾದುದೇನೂ ಇರುವುದಿಲ್ಲ.

ದೂರಶಿಕ್ಷಣದ ಪದವಿಗೆ ಬೆಲೆ ಇದೆಯೇ ಎಂಬ ಪ್ರಶ್ನೆ ಪದೇ ಪದೇ ಕೇಳಿಬರುತ್ತದೆ. ಮಾನ್ಯತೆ ಪಡೆದ ಸಂಸ್ಥೆ ನೀಡಿದ ದೂರಶಿಕ್ಷಣ ಪದವಿ ಸಾಮಾನ್ಯ ಕಾಲೇಜಿನ ಪದವಿಗೆ ಸಮನೆಂದು 2020ರ ನಿಯಮಾವಳಿ ಹೇಳುತ್ತದೆ. 2022ರ ಸೆಪ್ಟೆಂಬರಿನಲ್ಲಿ ಯು.ಜಿ.ಸಿ. ಅದನ್ನೇ ಮತ್ತೊಮ್ಮೆ ಸ್ಪಷ್ಟಪಡಿಸಿತು.

ತಮಿಳುನಾಡಿನಲ್ಲಿ ಮರೆಯಬಾರದ ಮಾತು: ಹತ್ತು, ಹನ್ನೆರಡು, ಆಮೇಲೆ ಪದವಿ

ಇದು ಈ ಲೇಖನದ ಅತಿ ಮುಖ್ಯ ಭಾಗ. ಒಂದು ಕಾಲದಲ್ಲಿ ಪ್ಲಸ್ ಟು ಇಲ್ಲದವರಿಗೂ ಪೂರ್ವಸಿದ್ಧತಾ ಕೋರ್ಸಿನ ಮೂಲಕ ಮುಕ್ತ ವಿಶ್ವವಿದ್ಯಾಲಯಗಳು ನೇರವಾಗಿ ಪದವಿ ಪ್ರವೇಶ ಕೊಡುತ್ತಿದ್ದವು. ಆಗ ಸೇರಿದ ನಮ್ಮವರೂ ಇದ್ದಾರೆ. ಕ್ರಮವಾದ ತಳಹದಿಯಿಲ್ಲದೆ ಮುಕ್ತ ವಿಶ್ವವಿದ್ಯಾಲಯದಿಂದ ಪಡೆದ ಉನ್ನತ ಪದವಿ ನೇಮಕಾತಿಗೆ ಸಲ್ಲದೆಂದು 2009ರಲ್ಲಿ ಸರ್ವೋಚ್ಚ ನ್ಯಾಯಾಲಯ, ಅಣ್ಣಾಮಲೈ ವಿಶ್ವವಿದ್ಯಾಲಯವು ಕಕ್ಷಿಯಾಗಿದ್ದ ಪ್ರಕರಣದಲ್ಲಿ ತೀರ್ಪಿತ್ತಿತು. ಅದೇ ವರ್ಷದ ಆಗಸ್ಟಿನಲ್ಲಿ ತಮಿಳುನಾಡು ಸರ್ಕಾರ ಆದೇಶ ಹೊರಡಿಸಿ, ಹತ್ತನೆಯ ಮತ್ತು ಹನ್ನೆರಡನೆಯ ತರಗತಿ ಮುಗಿಸಿದ ಬಳಿಕ ಪಡೆದ ಮುಕ್ತ ವಿಶ್ವವಿದ್ಯಾಲಯದ ಪದವಿಯನ್ನು ಮಾತ್ರ ಸರ್ಕಾರಿ ನೇಮಕ ಮತ್ತು ಬಡ್ತಿಗೆ ಪರಿಗಣಿಸುವುದಾಗಿ ತಿಳಿಸಿತು.

ಆದ್ದರಿಂದ ಪ್ಲಸ್ ಟು ಮುಗಿಸದವರು ಮೊದಲು ಅದನ್ನು ಮುಗಿಸಬೇಕು. ಅದಕ್ಕೆ ಎರಡು ಮಾರ್ಗಗಳಿವೆ. ರಾಜ್ಯದ ಸರ್ಕಾರಿ ಪರೀಕ್ಷಾ ನಿರ್ದೇಶನಾಲಯದ ಮೂಲಕ ಖಾಸಗಿ ಅಭ್ಯರ್ಥಿಯಾಗಿ ಬರೆಯುವುದು ಒಂದು. 1989ರಲ್ಲಿ ಆರಂಭವಾದ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ಮೂಲಕ ಬರೆಯುವುದು ಇನ್ನೊಂದು. ಮುಕ್ತ ಶಾಲೆಯಲ್ಲಿ ಒಮ್ಮೆ ನೋಂದಾಯಿಸಿದರೆ ಐದು ವರ್ಷಗಳ ಕಾಲಾವಕಾಶ, ಒಂಬತ್ತು ಬಾರಿ ಪರೀಕ್ಷೆ ಬರೆಯುವ ಅವಕಾಶ. ವರ್ಷಕ್ಕೆ ಒಂದೆರಡು ವಿಷಯಗಳಂತೆ ಮುಗಿಸಬಹುದು. ಹತ್ತನೆಯ ಹಂತದಲ್ಲಿ ಕನ್ನಡವನ್ನು ಭಾಷಾ ವಿಷಯವಾಗಿ ಆರಿಸಿಕೊಳ್ಳಬಹುದು. ತಮಿಳುನಾಡು ಸರ್ಕಾರಿ ಸೇವೆಯೇ ಗುರಿಯಾಗಿದ್ದವರು ರಾಜ್ಯದ ಪರೀಕ್ಷೆಯನ್ನೇ ಬರೆಯುವುದು ಕ್ಷೇಮ, ಆಗ ಸಮಾನತೆಯ ಪ್ರಶ್ನೆಯೇ ಏಳುವುದಿಲ್ಲ.

ಭಾಷೆಯ ತೊಡಕು

2006ರ ತಮಿಳು ಕಲಿಕಾ ಕಾಯ್ದೆಯ ನಂತರ ತಮಿಳು ಒಂದನೆಯ ತರಗತಿಯಿಂದ ಹಂತಹಂತವಾಗಿ ಕಡ್ಡಾಯವಾಯಿತು. ಹತ್ತನೆಯ ತರಗತಿಯ ಪರೀಕ್ಷೆಯಲ್ಲಿ ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ವಿನಾಯಿತಿ ಕೋರಿದ ವ್ಯಾಜ್ಯ ಸರ್ವೋಚ್ಚ ನ್ಯಾಯಾಲಯದವರೆಗೂ ಹೋಗಿ, 2023ರ ಫೆಬ್ರವರಿಯಲ್ಲಿ ಒಂದು ವರ್ಷದ ವಿನಾಯಿತಿ ದೊರೆತದ್ದು ನಮ್ಮ ಓದುಗರಿಗೆ ತಿಳಿದೇ ಇದೆ. ಆದರೆ ಇಂದಿನ ವಯಸ್ಕರಲ್ಲಿ ಅನೇಕರು ಆ ಕಾಯ್ದೆಗಿಂತ ಮೊದಲೇ ಕನ್ನಡದಲ್ಲಿ ಓದಿದವರು. ತಮಿಳು ಮಾತನಾಡಬಲ್ಲರು, ಬರೆಯಲಾರರು.

ಇಂಥವರು ನಿಯತ ಕಾಲೇಜು ಸೇರಿದರೆ ಮೊದಲ ಭಾಗದ ಭಾಷೆಯಾಗಿ ತಮಿಳಿನ ಬದಲು ಬೇರೊಂದನ್ನು ಆರಿಸಬಹುದು. ಆದರೆ ಬೋಧಕರಿರುವ ಭಾಷೆಗಳನ್ನು ಮಾತ್ರ ಕಾಲೇಜು ಕಲಿಸುತ್ತದೆ, ಆ ಪಟ್ಟಿಯಲ್ಲಿ ಕನ್ನಡ ಸಿಗುವುದು ವಿರಳ. ಶಾಲೆಯಲ್ಲಿ ತಮಿಳು ಓದದೆ ಕಾಲೇಜಿನಲ್ಲಿಯೂ ಬೇರೆ ಭಾಷೆ ಆರಿಸಿದವರು ನಾಲ್ಕನೆಯ ಭಾಗದಲ್ಲಿ ‘ಮೂಲ ತಮಿಳು’ ಎಂಬ ಎರಡು ಸಣ್ಣ ಪತ್ರಿಕೆಗಳನ್ನು ಮುಗಿಸಬೇಕು. ಅದರ ಮಟ್ಟ ಆರನೆಯ ತರಗತಿಯದು, ಭಯಪಡುವ ಕಾರಣವಿಲ್ಲ.

ನೌಕರಿಯ ಹಂತದಲ್ಲಿ ಮಾತು ಬೇರೆ. 2021ರ ಡಿಸೆಂಬರಿನ ಆದೇಶದಂತೆ ತಮಿಳುನಾಡು ಲೋಕಸೇವಾ ಆಯೋಗದ ಪರೀಕ್ಷೆಗಳಲ್ಲಿ ತಮಿಳು ಅರ್ಹತಾ ಪತ್ರಿಕೆ ಕಡ್ಡಾಯ. ಅದರಲ್ಲಿ ಶೇಕಡಾ 40 ಅಂಕ ಬಾರದಿದ್ದರೆ ಉಳಿದ ಉತ್ತರಗಳ ಮೌಲ್ಯಮಾಪನವೇ ಇಲ್ಲ. ತಮಿಳು ಮಾಧ್ಯಮದಲ್ಲಿ ಓದಿದವರಿಗೆ ಮೀಸಲಾದ ಶೇಕಡಾ 20ರ ಆದ್ಯತೆಯೂ ಕನ್ನಡ ಮಾಧ್ಯಮದವರಿಗೆ ದೊರೆಯದು. ಪದವಿಗೆ ಓದುವ ಮೂರು ವರ್ಷಗಳಲ್ಲಿಯೇ ತಮಿಳು ಬರವಣಿಗೆಯನ್ನು ಮನೆಯಲ್ಲಿ ಮಕ್ಕಳ ಪುಸ್ತಕದಿಂದ ಕಲಿಯತೊಡಗುವುದು ಜಾಣತನ. ನೆರೆಭಾಷೆಯನ್ನು ಚೆನ್ನಾಗಿ ಬಲ್ಲ ಕನ್ನಡಿಗನು ಕನ್ನಡಕ್ಕೆ ಹೊರತಾಗುವುದಿಲ್ಲ.

ಪದವಿ ಇದೆ, ಅಂಕ ಕಡಿಮೆ

ಹೇಗೋ ಪದವಿ ಮುಗಿಸಿ ಶೇಕಡಾ 42 ಪಡೆದವರ ಕೊರಗು ಇನ್ನೊಂದು ಬಗೆಯದು. ಮೊದಲು ತಿಳಿಯಬೇಕಾದದ್ದು, ಅನೇಕ ಬಾಗಿಲುಗಳು ಶೇಕಡಾವಾರನ್ನು ಕೇಳುವುದೇ ಇಲ್ಲ. ಕೇಂದ್ರ ನಾಗರಿಕ ಸೇವಾ ಪರೀಕ್ಷೆಗೆ ಪದವಿ ತೇರ್ಗಡೆ ಸಾಕು. ತಮಿಳುನಾಡಿನ ನಾಲ್ಕನೆಯ ಗ್ರೂಪ್ ಪರೀಕ್ಷೆಗೆ ಹತ್ತನೆಯ ತರಗತಿಯೇ ಕನಿಷ್ಠ ಅರ್ಹತೆ.

ಶೇಕಡಾವಾರು ನಿಜವಾಗಿಯೂ ಅಡ್ಡಬರುವುದು ಶಿಕ್ಷಕ ವೃತ್ತಿಯಲ್ಲಿ. ಶಿಕ್ಷಕ ಶಿಕ್ಷಣ ರಾಷ್ಟ್ರೀಯ ಮಂಡಳಿಯ 2014ರ ಮಾನದಂಡದಂತೆ ಬಿ.ಇಡಿ. ಸೇರಲು ಪದವಿಯಲ್ಲಿ ಅಥವಾ ಸ್ನಾತಕೋತ್ತರ ಪದವಿಯಲ್ಲಿ ಶೇಕಡಾ 50 ಇರಬೇಕು, ಮೀಸಲು ವರ್ಗಗಳಿಗೆ ಸಡಿಲಿಕೆ ಉಂಟು. ಇಲ್ಲಿರುವ ‘ಅಥವಾ’ ಎಂಬ ಪದವನ್ನು ಗಮನಿಸಿ. ಬಿ.ಎ.ಯಲ್ಲಿ ಕಡಿಮೆ ಅಂಕ ಪಡೆದವರು ಎಂ.ಎ.ಯಲ್ಲಿ ಚೆನ್ನಾಗಿ ಓದಿ ಆ ಕೊರತೆಯನ್ನು ತುಂಬಿಕೊಳ್ಳಲು ಅದು ಎಡೆಮಾಡುತ್ತದೆ. ಆದರೆ ಪ್ರತಿ ರಾಜ್ಯವೂ ತನ್ನ ಪ್ರವೇಶ ಪ್ರಕಟಣೆಯಲ್ಲಿ ವಿಷಯವಾರು ಷರತ್ತು ಹಾಕುವುದರಿಂದ, ಆ ವರ್ಷದ ಪ್ರಕಟಣೆಯನ್ನು ಓದಿಯೇ ಮುಂದುವರಿಯಬೇಕು. ಕಾಲೇಜು ಬೋಧನೆಗೆ ಬೇಕಾದ ನೆಟ್ ಪರೀಕ್ಷೆಯೂ ಎಂ.ಎ.ಯ ಶೇಕಡಾ 55ನ್ನು, ಮೀಸಲು ವರ್ಗಗಳಿಗೆ 50ನ್ನು, ಕೇಳುತ್ತದೆ. ಬಿ.ಎ.ಯ ಅಂಕವನ್ನು ಕೇಳುವುದಿಲ್ಲ.

ಕನ್ನಡ ಎಂ.ಎ. ಮಾಡಬಯಸುವವರಿಗೆ ಮೈಸೂರಿನ ಮುಕ್ತ ವಿಶ್ವವಿದ್ಯಾಲಯವಲ್ಲದೆ, ಮದ್ರಾಸ್ ವಿಶ್ವವಿದ್ಯಾಲಯದ ಕನ್ನಡ ವಿಭಾಗವೂ ಇದೆ. ತಮಿಳುನಾಡಿನೊಳಗೇ ಕನ್ನಡದ ಉನ್ನತ ಅಧ್ಯಯನಕ್ಕೆ ಇರುವ ಆ ಪೀಠವನ್ನು ನಮ್ಮ ಯುವಜನರು ಮರೆಯಬಾರದು.

ತಾಂತ್ರಿಕ ಶಿಕ್ಷಣದವರಿಗೆ

ಐ.ಟಿ.ಐ. ಮುಗಿಸಿದವರು ಪಾಲಿಟೆಕ್ನಿಕ್‌ನ ಎರಡನೆಯ ವರ್ಷಕ್ಕೆ, ಡಿಪ್ಲೊಮಾ ಮುಗಿಸಿದವರು ಬಿ.ಇ. ಎರಡನೆಯ ವರ್ಷಕ್ಕೆ ಸೇರುವ ವ್ಯವಸ್ಥೆ ತಮಿಳುನಾಡಿನಲ್ಲಿ ಬಹುಕಾಲದಿಂದ ಇದೆ. ಡಿಪ್ಲೊಮಾ ಪಡೆದು ಕಾರ್ಖಾನೆಯಲ್ಲಿ ದುಡಿಯುತ್ತಿರುವವರಿಗಾಗಿ ಕೊಯಮತ್ತೂರಿನಲ್ಲಿಯೇ ಅರೆಕಾಲಿಕ ಬಿ.ಇ. ಸಂಜೆ ತರಗತಿಗಳು ನಡೆಯುತ್ತವೆ. ಇಲ್ಲಿ ಹಳೆಯ ಶಾಲಾ ಅಂಕಗಳಿಗಿಂತ ಡಿಪ್ಲೊಮಾ ಅಂಕ ಮತ್ತು ಕೆಲಸದ ಅನುಭವಕ್ಕೆ ಮಹತ್ವ.

ದಾಖಲೆಗಳು

ಅರ್ಜಿ ಹಾಕುವ ಮುನ್ನ ಈ ಕೆಳಗಿನವುಗಳನ್ನು ಒಂದು ಕಡತದಲ್ಲಿ ಜೋಡಿಸಿಟ್ಟುಕೊಳ್ಳಬೇಕು.

ಹತ್ತು ಮತ್ತು ಹನ್ನೆರಡನೆಯ ತರಗತಿಯ ಮೂಲ ಅಂಕಪಟ್ಟಿಗಳು. ಕಳೆದುಹೋಗಿದ್ದರೆ ಆ ಪರೀಕ್ಷೆ ನಡೆಸಿದ ಮಂಡಳಿಯಿಂದ ನಕಲು ಪ್ರತಿ.

ಕೊನೆಯದಾಗಿ ಓದಿದ ಸಂಸ್ಥೆಯ ವರ್ಗಾವಣೆ ಪತ್ರ, ಅಂದರೆ ಟಿ.ಸಿ. ಶುಲ್ಕ ಬಾಕಿಯ ನೆಪದಲ್ಲಿ ಮೂಲ ಪ್ರಮಾಣಪತ್ರಗಳನ್ನು ಉನ್ನತ ಶಿಕ್ಷಣ ಸಂಸ್ಥೆಗಳು ಹಿಡಿದಿಟ್ಟುಕೊಳ್ಳಬಾರದೆಂದು ಯು.ಜಿ.ಸಿ. 2018ರ ಅಕ್ಟೋಬರಿನಲ್ಲಿ ಪ್ರಕಟಿಸಿದೆ. ಕೊಡದಿದ್ದರೆ ಆ ಪ್ರಕಟಣೆಯನ್ನು ಉಲ್ಲೇಖಿಸಿ ಲಿಖಿತ ಮನವಿ ಸಲ್ಲಿಸಿ, ಸ್ವೀಕೃತಿ ಪಡೆಯಿರಿ.

ಕರ್ನಾಟಕದಲ್ಲಿ ಎಸ್.ಎಸ್.ಎಲ್.ಸಿ., ಪಿ.ಯು.ಸಿ. ಓದಿ ತಮಿಳುನಾಡಿನಲ್ಲಿ ಸೇರುವವರು ವಲಸೆ ಪ್ರಮಾಣಪತ್ರ ಮತ್ತು ಅರ್ಹತಾ ಪ್ರಮಾಣಪತ್ರ ಬೇಕೇ ಎಂದು ಸೇರುವ ವಿಶ್ವವಿದ್ಯಾಲಯದಲ್ಲಿ ಮೊದಲೇ ಕೇಳಬೇಕು.

ಹೆಸರಿನ ಏಕರೂಪತೆ. ಒಂದು ಕಡೆ ತಂದೆಯ ಹೆಸರಿನ ಇನಿಷಿಯಲ್, ಇನ್ನೊಂದು ಕಡೆ ಮನೆತನದ ಹೆಸರು, ಮದುವೆಯಾದ ಹೆಣ್ಣುಮಕ್ಕಳಿಗೆ ಆಧಾರ್‌ನಲ್ಲಿ ಗಂಡನ ಹೆಸರು. ಕನ್ನಡದಿಂದ ತಮಿಳಿಗೆ, ತಮಿಳಿನಿಂದ ಇಂಗ್ಲಿಷಿಗೆ ಬರುವಷ್ಟರಲ್ಲಿ ಹೆಸರಿನ ಅಕ್ಷರಗಳೇ ಬದಲಾಗಿರುತ್ತವೆ. ಹತ್ತನೆಯ ತರಗತಿಯ ಅಂಕಪಟ್ಟಿಯಲ್ಲಿರುವ ಹೆಸರಿಗೆ ಉಳಿದವನ್ನು ಹೊಂದಿಸಿಕೊಳ್ಳುವುದು ಸುಲಭದ ಮಾರ್ಗ.

ಏಕೆ ಈ ಶ್ರಮ?

ಸಂವಿಧಾನದ 350ಎ ವಿಧಿ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸೌಲಭ್ಯ ಕಲ್ಪಿಸಬೇಕೆಂದು ಹೇಳುತ್ತದೆ. ಆ ಸೌಲಭ್ಯ ಜೀವಂತವಾಗಿರಬೇಕಾದರೆ ಕನ್ನಡವೂ ತಮಿಳೂ ಬಲ್ಲ, ಬಿ.ಇಡಿ. ಪಡೆದ ಶಿಕ್ಷಕರು ನಮ್ಮ ನಡುವೆಯೇ ತಯಾರಾಗಬೇಕು. ಹೊರಗಿನಿಂದ ಬರುವವರನ್ನು ಕಾಯುತ್ತ ಕುಳಿತರೆ ತರಗತಿಗಳು ಖಾಲಿಯಾಗುತ್ತವೆ. ಇಪ್ಪತ್ತನೆಯ ವಯಸ್ಸಿನಲ್ಲಿ ಬಡತನದಿಂದಲೋ ಭಾಷೆಯ ತೊಡಕಿನಿಂದಲೋ ಓದು ಬಿಟ್ಟ ಒಬ್ಬ ತಾಯಿ ಮೂವತ್ತೈದರಲ್ಲಿ ಬಿ.ಎ., ಮೂವತ್ತೆಂಟರಲ್ಲಿ ಎಂ.ಎ., ನಲವತ್ತರಲ್ಲಿ ಬಿ.ಇಡಿ. ಮುಗಿಸುವುದು ಮೇಲೆ ಹೇಳಿದ ನಿಯಮಗಳ ಪ್ರಕಾರವೇ ಸಾಧ್ಯ. ಆದರೆ ನೇಮಕಾತಿಗೂ ವಯೋಮಿತಿ ಇರುವುದರಿಂದ ತಡ ಮಾಡುವಂತಿಲ್ಲ.

ಈ ವಾರ ಮಾಡಬಹುದಾದ ಕೆಲಸ ಒಂದಿದೆ. ಪೆಟ್ಟಿಗೆಯಲ್ಲಿರುವ ಅಂಕಪಟ್ಟಿಗಳನ್ನು ಹೊರತೆಗೆದು, ಯಾವುದು ತೇರ್ಗಡೆ, ಯಾವುದು ಬಾಕಿ, ಯಾವ ವರ್ಷ ಎಂದು ಒಂದು ಹಾಳೆಯಲ್ಲಿ ಬರೆಯಿರಿ. ಆ ಹಾಳೆಯನ್ನು ಮಕ್ಕಳ ಶಾಲೆಯ ಕನ್ನಡ ಶಿಕ್ಷಕರಿಗೆ ತೋರಿಸಿರಿ. ಅರಿಯರ್ ಪೂರೈಸಬೇಕೇ, ಪ್ಲಸ್ ಟು ಬರೆಯಬೇಕೇ, ಹೊಸದಾಗಿ ಸೇರಬೇಕೇ ಎಂಬುದು ಆ ಒಂದು ಹಾಳೆಯಿಂದಲೇ ಬಹುಪಾಲು ತಿಳಿಯುತ್ತದೆ.